ಸಿಸ್ಟರ್ ಕೈಯ ಗ್ಲೌಸ್

ವಾಂತಿ-ಭೇದಿಯಾಗಿ ಸುಸ್ತಾದ ಅಜ್ಜಿಗೆ ಡ್ರಿಪ್ ಹಾಕುವುದನ್ನು ಹತ್ತಿರದಿಂದ ನೋಡಬೇಕು. ಮೈಯಲ್ಲಿ ನೀರು ಬತ್ತಿ ನರವೇ ಕಾಣದು. ಸಿಸ್ಟರ್ ತೋಳಿಗೆ ಪಟ್ಟಿ ಬಿಗಿದು, ತಟ್ಟಿ, ಒತ್ತಿ ಹುಡುಕುತ್ತಾರೆ. ಸಿಗದಿದ್ದಾಗ ಗ್ಲೌಸಿನ ತೋರುಬೆರಳ ತುದಿ ಹರಿದು ಬರಿ ಬೆರಳು ಇಡುತ್ತಾರೆ. ನರ ಸಿಗುತ್ತದೆ. ಆಮೇಲೆ ರಕ್ತ ತಾಗುವುದೂ ಅದೇ ಬೆರಳಿಗೆ.

ಹೊಸದುರ್ಗ ತಾಲ್ಲೂಕಿನ ನಮ್ಮ ಮಾಡದಕೆರೆ ಹೋಬಳಿಯವರಿಗೂ ಇದು ಹೊಸ ದೃಶ್ಯವಲ್ಲ. ತಪಾಸಣೆಗೆ ಬಂದವರು ಇದನ್ನು ನಿಯಮ ಉಲ್ಲಂಘನೆ ಎಂದು ಬರೆದುಕೊಳ್ಳುತ್ತಾರೆ. ಬರೆಯುವ ಮುಂಚೆ ಗ್ಲೌಸ್ ಎಲ್ಲಿಂದ ಬಂತೆಂದು ನೆನೆಯಬೇಕು.

1889ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಬಾಗಿಲು ತೆರೆಯಿತು. ಆಪರೇಷನ್ ಕೋಣೆಯ ಹಿರಿಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್. ಸೋಂಕು ಕಳೆಯಲು ಬಳಸುತ್ತಿದ್ದ ಪಾದರಸದ ದ್ರಾವಣ ಅವರ ಕೈಚರ್ಮವನ್ನು ಕೆಡಿಸಿತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಎರಡು ಜೊತೆ ಗ್ಲೌಸ್ ಮಾಡಿಸಿದರು. 1890ರಲ್ಲಿ ಇಬ್ಬರೂ ಮದುವೆಯಾದರು. ಗ್ಲೌಸ್ ಹಾಕಿದರೆ ರೋಗಿಯ ಗಾಯ ಕೀವಾಗುವುದು ತಗ್ಗುತ್ತದೆಂದು ಮನದಟ್ಟಾದದ್ದು ಆಮೇಲೆ. ಗ್ಲೌಸನ್ನು ಹುಟ್ಟಿಸಿದ್ದು ಒಬ್ಬ ನರ್ಸಿನ ಕೈನೋವು.

ಗ್ಲೌಸ್ ತೊಟ್ಟವರ ಕೈಯನ್ನೂ ಕಾಯಬೇಕೆಂಬ ಆ ಮೂಲವನ್ನು ಲೋಕಕ್ಕೆ ಮತ್ತೆ ನೆನಪಿಸಿದ್ದು ಏಡ್ಸ್. ಚೆನ್ನೈನಲ್ಲಿ ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ. ಮರುವರ್ಷವೇ ಅಮೆರಿಕದ ಆರೋಗ್ಯ ಇಲಾಖೆ, ಯಾರ ರಕ್ತವಾದರೂ ಸೋಂಕಿನದೆಂದೇ ತಿಳಿದು ಮುಟ್ಟಿ ಎಂದಿತು. ರೋಗದ ಹೆಸರು ತಿಳಿಯುವವರೆಗೆ ಕಾದರೆ ಏನಾಗುತ್ತದೆ? 2018ರಲ್ಲಿ ಕೇರಳದ ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ನಿಫಾ ಎಂದು ಗೊತ್ತಾಗುವ ಮೊದಲೇ ರೋಗಿಯನ್ನು ಆರೈಕೆ ಮಾಡಿ ಪ್ರಾಣ ಕಳೆದುಕೊಂಡರು.

2020ರ ಆರಂಭದಲ್ಲಿ ಕೊರೊನಾ ಬಂದಾಗ ಮೈಮುಚ್ಚುವ ಪಿಪಿಇ ಕಿಟ್ ನಮ್ಮ ದೇಶದಲ್ಲಿ ಬಹುತೇಕ ತಯಾರಾಗುತ್ತಲೇ ಇರಲಿಲ್ಲ. ಮೇ ಹೊತ್ತಿಗೆ ತಯಾರಿಕೆ ದಿನಕ್ಕೆ ಎರಡು ಲಕ್ಷ ದಾಟಿತು. ಬೆಂಗಳೂರಿನ ಗಾರ್ಮೆಂಟ್ಸ್ ಅದರ ದೊಡ್ಡ ಕೇಂದ್ರವಾಯಿತು. ಹೊಲಿದರೆ ಸಾಲದು, ಸೂಜಿ ಹೋದ ತೂತಿನಿಂದ ರಕ್ತ ಇಳಿಯದಂತೆ ಹೊಲಿಗೆಯ ಮೇಲೆ ಬಿಸಿಗಾಳಿಯಲ್ಲಿ ಟೇಪ್ ಅಂಟಿಸಬೇಕು. ಹೊಲಿದವರೂ ಹೆಂಗಸರು, ತೊಟ್ಟವರಲ್ಲಿ ಹೆಚ್ಚಿನವರೂ ಹೆಂಗಸರು. ಬಿಚ್ಚಿದರೆ ಮತ್ತೊಂದು ಕಿಟ್ ಬೇಕೆಂದು ಸಿಸ್ಟರ್‌ಗಳು ಗಂಟೆಗಟ್ಟಲೆ ನೀರು ಕುಡಿಯದೆ, ಶೌಚಕ್ಕೆ ಹೋಗದೆ ಬೆವರಿನಲ್ಲೇ ನಿಂತರು. ಇಷ್ಟು ಮಾಡಿದವರಿಗೆ ಶಿಸ್ತಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ ಮೊದಲ ಎರಡು ಜೊತೆ ಗ್ಲೌಸ್ ಕ್ಯಾರೊಲಿನ್ ಕೈಗೆಂದೇ ಮಾಡಿಸಿದವು. ಇಂದು ಎಷ್ಟೋ ವಾರ್ಡುಗಳಲ್ಲಿ ಉಳಿದಿರುವುದು ದೊಡ್ಡ ಸೈಜಿನ ಡಬ್ಬ ಒಂದೇ. ಸಣ್ಣ ಕೈಗೆ ಅದನ್ನು ತೊಟ್ಟರೆ ಬೆರಳ ತುದಿಯಲ್ಲಿ ರಬ್ಬರ್ ಜೋಲುತ್ತದೆ. ಅಜ್ಜಿಯ ನರ ಅದರಡಿ ಸಿಗುವುದಿಲ್ಲ.