ಲೇಬಲ್ಲಿನ ಮೇಲೆ ಪಿಕಾಸೊ, ಒಳಗೆ ಪೋಯಾಕಿನ ಕೆಂಪು

ಫ್ರಾನ್ಸಿನ ಬೋರ್ಡೊ ನಗರದಿಂದ ಉತ್ತರಕ್ಕೆ ಹೊರಟ ದಾರಿ ಮೆದೊಕ್ ಸೀಮೆಯನ್ನು ಹಾದು ಪೋಯಾಕ್ ಮುಟ್ಟುವಾಗ ಬಲಗಡೆ ಜಿರೋಂಡ್ ಅಳಿವೆ ಕಾಣುತ್ತದೆ. ನೀರು ಕೆಸರು ಬಣ್ಣ. ಆಚೆಯ ದಡ ಇದ್ದೂ ಇಲ್ಲದ ಹಾಗೆ. ಪೋಯಾಕ್ ಸಣ್ಣ ಬಂದರು ಊರು, ಅವಸರ ಕಾಣದು. ಅದನ್ನು ದಾಟಿದರೆ ದಾರಿಯ ಎರಡೂ ಕಡೆ ದ್ರಾಕ್ಷಿ. ನಮ್ಮ ಕಡೆಯ ಚಪ್ಪರದ ದ್ರಾಕ್ಷಿಯಲ್ಲ. ತಂತಿಗೆ ಕಟ್ಟಿದ ಕುಳ್ಳ ಬಳ್ಳಿ, ನೆಟ್ಟಗಿನ ಸಾಲು. ಕೆಲವು ಸಾಲುಗಳ ತುದಿಯಲ್ಲಿ ಗುಲಾಬಿ ಗಿಡ. ಅಂದಕ್ಕಿಂತ ಹೆಚ್ಚಾಗಿ ಅದು ಹಳೆಯ ಕಾವಲು: ಬೂದಿರೋಗ ಬಂದರೆ ಮೊದಲು ಗುಲಾಬಿಗೆ ತಗಲುತ್ತದೆ, ತೋಟದವರು ಎಚ್ಚರಗೊಳ್ಳುತ್ತಾರೆ.

ಕಾಲಡಿಯ ನೆಲವನ್ನು ಮಣ್ಣು ಎನ್ನಲು ಬಾಯಿ ಬಾರದು. ಮೊಟ್ಟೆಗಾತ್ರದ, ನೆಲ್ಲಿಗಾತ್ರದ ಉರುಟುಕಲ್ಲುಗಳು. ನದಿಗಳು ಯುಗಯುಗಗಳಲ್ಲಿ ತಂದು ಸುರಿದ ರಾಶಿ. ಬೇರೆ ಬೆಳೆಗಾರ ನೋಡಿದರೆ ಮೂಗು ಮುರಿದು ಹೋಗುವ ಜಾಗ. ಮಳೆನೀರು ನಿಲ್ಲದೆ ಬಸಿದುಹೋಗುತ್ತದೆ. ಹಗಲು ಕುಡಿದ ಬಿಸಿಯನ್ನು ಕಲ್ಲು ರಾತ್ರಿ ಬಿಟ್ಟುಕೊಡುತ್ತದೆ. ಬೇರು ನೀರು ಹುಡುಕುತ್ತ ಆಳಕ್ಕೆ ಇಳಿಯುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸುವಿನ್ಯೋನ್ ತಳಿಗೆ ಬೇಕಾದದ್ದು ಇದೇ. (ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ತೋಟದವರು ಬೆಳೆಸಿದ್ದೂ ಇದೇ ತಳಿ, ಅವರಿಗೆ ಸಲಹೆ ಕೊಟ್ಟ ಮಿಷೆಲ್ ರೋಲಾನ್ ಬೋರ್ಡೊ ಸೀಮೆಯವರೇ.) ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಬೀಜ ದೊಡ್ಡದು. ತಿನ್ನಲು ಹೊರಟವರಿಗೆ ಒಗರೇ ಸಿಗುವುದು. ಆ ಒಗರೇ ವೈನನ್ನು ಹತ್ತಾರು ವರ್ಷ ಕೆಡದಂತೆ ಹಿಡಿದು ನಿಲ್ಲಿಸುತ್ತದೆ.

ಇದು ಶಾತೊ ಮೂತೋನ್ ರಾಥ್‌ಚೈಲ್ಡ್ ಎಸ್ಟೇಟು. 1853ರಲ್ಲಿ ರಾಥ್‌ಚೈಲ್ಡ್ ಮನೆತನದ ಲಂಡನ್ ಕವಲಿನ ನಥಾನಿಯಲ್ ಇದನ್ನು ಕೊಂಡ. ಎರಡು ವರ್ಷಕ್ಕೆ, ಪ್ಯಾರಿಸ್ಸಿನ ಮಹಾಪ್ರದರ್ಶನಕ್ಕಾಗಿ ದಲ್ಲಾಳಿಗಳು ಬೋರ್ಡೊ ಸೀಮೆಯ ಕೆಂಪು ವೈನುಗಳ ದರ್ಜೆಪಟ್ಟಿ ಮಾಡಿದರು. ಮೊದಲ ದರ್ಜೆಗೆ ನಾಲ್ಕು ತೋಟ. ಮೂತೋನ್ ಎರಡನೆಯ ದರ್ಜೆಯ ನೆತ್ತಿಯಲ್ಲಿ. ಮೊದಲ ದರ್ಜೆಯ ಲಾಫಿತ್ ತೋಟ ಬೇಲಿಯ ಆಚೆಗೇ ಇದೆ. ಮುಂದೆ 1868ರಲ್ಲಿ ಅದನ್ನು ಕೊಂಡವರೂ ರಾಥ್‌ಚೈಲ್ಡರೇ, ಪ್ಯಾರಿಸ್ ಕವಲಿನವರು. ದಾಯಾದಿ ಪಕ್ಕದಲ್ಲೇ ಒಂದು ಮೆಟ್ಟಿಲು ಮೇಲೆ ಕೂತರೆ ಆಗುವ ಉರಿಯನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ.

ಆ ಉರಿಯನ್ನು ಬಂಡವಾಳ ಮಾಡಿಕೊಂಡವನು ನಥಾನಿಯಲ್‌ನ ಮರಿಮಗ ಫಿಲಿಪ್. 1922ರಲ್ಲಿ ತೋಟ ಕೈಗೆ ಬಂದಾಗ ಅವನಿಗೆ ಇಪ್ಪತ್ತು ವರ್ಷ. ಬುಗಾಟಿ ಕಾರಿನ ರೇಸುಗಾರ, ನಾಟಕ ಸಿನಿಮಾದ ಹುಚ್ಚಿನವನು, ಇಂಗ್ಲಿಷ್ ಕಾವ್ಯವನ್ನು ಫ್ರೆಂಚಿಗೆ ತಂದವನು. ಅಲ್ಲಿಯತನಕ ವೈನು ಪೀಪಾಯಿಗಳಲ್ಲಿ ಬೋರ್ಡೊದ ವ್ಯಾಪಾರಿಗಳ ಉಗ್ರಾಣಕ್ಕೆ ಹೋಗುತ್ತಿತ್ತು. ಬಾಟಲಿ ತುಂಬುವವರು, ಲೇಬಲ್ ಅಂಟಿಸುವವರು ಅವರೇ. ಅಲ್ಲಿ ಏನು ಬೆರೆಯುತ್ತಿತ್ತೋ ದೇವರೇ ಬಲ್ಲ. ಫಿಲಿಪ್ 1924ರ ಬೆಳೆಯನ್ನು ಪೂರ್ತಿಯಾಗಿ ತೋಟದಲ್ಲೇ ಬಾಟಲಿಗೆ ತುಂಬಿಸಿದ. ಪೋಸ್ಟರ್ ಕಲಾವಿದ ಜ್ಯಾನ್ ಕಾರ್ಲೂನಿಂದ ಟಗರಿನ ತಲೆ, ಐದು ಬಾಣಗಳ ಲೇಬಲ್ ಬರೆಸಿದ. ಬಾಣ ಮನೆತನದ ಗುರುತು. ಟಗರು ತೋಟದ ಗುರುತು. ಫಿಲಿಪ್ ಹುಟ್ಟಿದ್ದೂ ಮೇಷ ರಾಶಿಯಲ್ಲಿ! ಹಳಬರಿಗೆ ಆ ಚಿತ್ರ ರುಚಿಸಲಿಲ್ಲ, ಕೆಲ ವರ್ಷಕ್ಕೇ ಅದು ಮೂಲೆ ಸೇರಿತು.

ಬಾಟಲಿ ತುಂಬುವುದು ಇಲ್ಲೇ ಎಂದಮೇಲೆ ಪೀಪಾಯಿ ಇಡಲು ಜಾಗ ಬೇಕಲ್ಲ? 1926ರಲ್ಲಿ ರಂಗಮಂದಿರಗಳ ವಾಸ್ತುಶಿಲ್ಪಿ ಶಾರ್ಲ್ ಸಿಕ್ಲಿ ಒಂದು ಮಹಾ ಉಗ್ರಾಣ ಕಟ್ಟಿಕೊಟ್ಟ. ಬಾಗಿಲು ತೆರೆದರೆ ನಾಟಕದ ಪರದೆ ಎದ್ದ ಹಾಗೆ. ನೂರು ಮೀಟರ್ ಉದ್ದ, ನಡುವೆ ಒಂದೂ ಕಂಬವಿಲ್ಲ. ಮಂದ ಬೆಳಕಿನಲ್ಲಿ ಓಕ್ ಮರದ ಪೀಪಾಯಿಗಳ ಸಾಲು, ತುದಿಯ ಗೋಡೆಯಲ್ಲಿ ಬೆಳಗುವ ಮನೆತನದ ಲಾಂಛನ. ಒಂದೊಂದು ಪೀಪಾಯಿ 225 ಲೀಟರಿನದು, ಅಂದರೆ ಸುಮಾರು ಮುನ್ನೂರು ಬಾಟಲಿ. ಪೀಪಾಯಿಯ ನಡುವಿಗೆ ವೈನಿನದೇ ಕೆಂಪು ಬಳಿಯುವುದು ಬೋರ್ಡೊದ ವಾಡಿಕೆ. ತುಳುಕಿದ ಕಲೆ ಕಣ್ಣಿಗೆ ರಾಚುವುದಿಲ್ಲ. ಹೊಸ ಮರದ ವಾಸನೆ, ಹುಳಿತ ರಸದ ವಾಸನೆ, ತೇವದ ವಾಸನೆ. ವೈನು ಇಲ್ಲಿ ಒಂದೂವರೆ ವರ್ಷಕ್ಕೂ ಮೇಲೆ ಇರುತ್ತದೆ. ಆಗಾಗ ಗಸಿ ಕೆಳಗುಳಿಸಿ ತಿಳಿಯನ್ನು ಬೇರೆ ಪೀಪಾಯಿಗೆ ಇಳಿಸುತ್ತಾರೆ. ಕೊನೆಗೆ ಮೊಟ್ಟೆಯ ಬಿಳಿಭಾಗ ಹಾಕಿ ಒಗರನ್ನು ನಯಗೊಳಿಸುವುದು ಈ ಸೀಮೆಯ ಹಳೆಯ ಪದ್ಧತಿ.

ಎರಡನೆಯ ಮಹಾಯುದ್ಧ ಬಂತು. ಯಹೂದಿ ಮನೆತನದ ತೋಟವನ್ನು, ಜರ್ಮನ್ನರ ಜೊತೆಗೂಡಿದ್ದ ವಿಶಿ ಸರಕಾರ ಕಿತ್ತುಕೊಂಡಿತು. ಫಿಲಿಪ್ ಸೆರೆಯಾದ, ಪಾರಾದ, ಪಿರನೀಸ್ ಬೆಟ್ಟಗಳನ್ನು ನಡೆದು ದಾಟಿ ದ ಗಾಲ್‌ನ ಸ್ವತಂತ್ರ ಫ್ರಾನ್ಸ್ ಪಡೆಯನ್ನು ಸೇರಿದ. ಹೆಂಡತಿ ಎಲಿಜಬೆತ್ 1945ರಲ್ಲಿ ರಾವೆನ್ಸ್‌ಬ್ರೂಕ್ ನಾಜಿ ಶಿಬಿರದಲ್ಲಿ ತೀರಿಕೊಂಡಳು. ಅದೇ ವರ್ಷ ಮೇ ತಿಂಗಳ ಹಿಮ ಬೆಳೆಯ ದೊಡ್ಡ ಪಾಲನ್ನು ಕೊಂದು, ಉಳಿದ ಅಷ್ಟಿಷ್ಟು ಹಣ್ಣಿಗೆ ಕಡುಬೇಸಿಗೆ ಸಾರ ತುಂಬಿಸಿತು. ಫಿಲಿಪ್ ಜೂಲಿಯನ್ ಎಂಬ ತರುಣ ಕಲಾವಿದ ಆ ವರ್ಷದ ಲೇಬಲ್ಲಿಗೆ ವಿಜಯದ ‘ವಿ’ ಅಕ್ಷರ ಬರೆದ. 2007ರಲ್ಲಿ ಆ ವರ್ಷದ ವೈನಿನ, ಆರು ಬಾಟಲಿಯಷ್ಟು ಹಿಡಿಸುವ ಒಂದು ದೊಡ್ಡ ಶೀಶೆ ನ್ಯೂಯಾರ್ಕಿನ ಹರಾಜಿನಲ್ಲಿ 3 ಲಕ್ಷ ಡಾಲರ್ ಮೀರಿತು.

ಅಲ್ಲಿಂದ ವರ್ಷಕ್ಕೊಬ್ಬ ಕಲಾವಿದ. ಕಾಕ್ತೊ, ಬ್ರಾಕ್, ಡಾಲಿ, ಹೆನ್ರಿ ಮೂರ್, ಮಿರೊ, ಶಗಾಲ್, ವಾರ್ಹಾಲ್. 2004ಕ್ಕೆ ಆಗಿನ ಯುವರಾಜ ಚಾರ್ಲ್ಸ್‌ನ ಜಲವರ್ಣ. 2009ಕ್ಕೆ ಮುಂಬೈಯಲ್ಲಿ ಹುಟ್ಟಿದ ಅನಿಶ್ ಕಪೂರ್. ಸಂಭಾವನೆ ದುಡ್ಡಿನಲ್ಲಲ್ಲ, ವೈನಿನಲ್ಲಿ. ಲೇಬಲ್ಲಿನ ಮೇಲರ್ಧ ಮಾತ್ರ ಕಲಾವಿದನಿಗೆ. ಕೆಳಗರ್ಧದಲ್ಲಿ ಹೆಸರು, ವರ್ಷ, ಮಾಲೀಕರ ಸಹಿ.

1973ರಲ್ಲಿ ಫಿಲಿಪ್‌ನ ಜೀವಮಾನದ ಹಟ ಫಲಿಸಿತು. ಕೃಷಿ ಸಚಿವನಾಗಿದ್ದ ಜಾಕ್ ಶಿರಾಕ್ ಸಹಿ ಹಾಕಿ ಮೂತೋನನ್ನು ಮೊದಲ ದರ್ಜೆಗೆ ಏರಿಸಿದ. 1855ರ ಆ ಪಟ್ಟಿಯಲ್ಲಿ ಹೀಗೆ ಬಡ್ತಿ ಪಡೆದ ತೋಟ ಇನ್ನೊಂದಿಲ್ಲ. ಅದೇ ವಸಂತದಲ್ಲಿ ಪಿಕಾಸೊ ತೀರಿಕೊಂಡಿದ್ದ. ಅವನ ನೆನಪಿಗೆ, ಎಸ್ಟೇಟಿನ ಸಂಗ್ರಹದಲ್ಲಿದ್ದ ಅವನ ಕುಣಿತದ ಚಿತ್ರವನ್ನೇ ಲೇಬಲ್ಲಿಗೆ ಹಾಕಿದರು. ದರ್ಜೆ ಮೊದಲನೆಯದು, ಚಿತ್ರ ಪಿಕಾಸೊನದು. ವೈನು ಮಾತ್ರ ಸಪ್ಪೆ. ಆ ವರ್ಷ ಬೋರ್ಡೊದಲ್ಲಿ ಬೆಳೆ ಹೇರಳ, ಸಾರ ಕಡಿಮೆ. ಆದರೂ ಸಂಗ್ರಾಹಕರು ಹುಡುಕಿ ಕೊಂಡರು, ಈಗಲೂ ಕೊಳ್ಳುತ್ತಾರೆ. 1945ರಿಂದ ಒಂದೂ ಬಿಡದಂತೆ ಸಾಲು ಜೋಡಿಸುವವರಿಗೆ ಸೋತ ವರ್ಷವೂ ಬೇಕು, ಕುಡಿಯುವುದಕ್ಕಲ್ಲ. 1993ರ ಬೆಳೆಗೆ ಕಲಾವಿದ ಬಾಲ್ತುಸ್ ಬರೆದ ಬೆತ್ತಲೆ ಹುಡುಗಿಯ ರೇಖಾಚಿತ್ರಕ್ಕೆ ಅಮೆರಿಕದಲ್ಲಿ ಆಕ್ಷೇಪ ಎದ್ದು, ಅಲ್ಲಿಗೆ ಚಿತ್ರದ ಜಾಗ ಖಾಲಿ ಬಿಟ್ಟ ಲೇಬಲ್ ಹೋಯಿತು. ಒಳಗೆ ಒಂದೇ ವೈನು. ಸಂಗ್ರಾಹಕರಿಗೆ ಎರಡೂ ಬಾಟಲಿ ಬೇಕು.

ಕಾಗದಕ್ಕೆ ಈ ಪಾಟಿ ಬೆಲೆ ಬಂದಮೇಲೆ ಖೋಟಾ ಬಾರದಿರುತ್ತದೆಯೇ? ಅಮೆರಿಕದಲ್ಲಿ ರೂಡಿ ಕುರ್ನಿಯಾವಾನ್ ಎಂಬಾತ ಸಿರಿವಂತರ ಪಾರ್ಟಿಗಳಲ್ಲಿ ಖಾಲಿಯಾದ ಹಳೆಯ ಬಾಟಲಿಗಳನ್ನು ತರಿಸಿಕೊಂಡು, ಅಗ್ಗದ ವೈನುಗಳನ್ನು ಬೆರೆಸಿ ತುಂಬಿ, ಮನೆಯಲ್ಲೇ ಹಳೆಯದರಂಥ ಲೇಬಲ್ ತಯಾರಿಸಿ ಮಾರಿದ. 2014ರಲ್ಲಿ ಹತ್ತು ವರ್ಷ ಜೈಲು ಶಿಕ್ಷೆಯಾಯಿತು. ಅವನ ನಾಲಿಗೆ ಬಲು ಚುರುಕು ಎಂದು ಹೊಗಳಿದವರೇ ಅವನ ಗಿರಾಕಿಗಳಾಗಿದ್ದರು. ಇದರಲ್ಲಿ ನನಗೆ ಕೊಂಚ ನಗುವೂ ಬರುತ್ತದೆ, ಮುಚ್ಚಿಡುವುದೇಕೆ.

ಬಾಟಲಿ ಜೋಡಿಸಿಟ್ಟವರ ಮನೆಯ ನೆಲಮಾಳಿಗೆಯಲ್ಲಿ ಶಿಸ್ತೋ ಶಿಸ್ತು. ಹನ್ನೆರಡು ಹದಿನಾಲ್ಕು ಡಿಗ್ರಿ ತಂಪು, ಕತ್ತಲು, ಬಿರಡೆ ಒಣಗದಂತೆ ಮಲಗಿಸಿದ ಬಾಟಲಿ. ಬಿರಡೆ ಒಣಗದಿರಲು ತೇವ ಬೇಕು. ಅದೇ ತೇವಕ್ಕೆ ಲೇಬಲ್ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕೆಲವರು ಬಾಟಲಿಗೆ ಪ್ಲಾಸ್ಟಿಕ್ ಸುತ್ತುತ್ತಾರೆ. ಒಳಗೆ ವೈನು ತನ್ನ ಪಾಡಿಗೆ ಮಾಗುತ್ತದೆ: ನೇರಳೆ ಕೆಂಪು ಇಟ್ಟಿಗೆ ಕೆಂಪಿಗೆ ತಿರುಗುತ್ತದೆ, ಒಗರು ಗಸಿಯಾಗಿ ಇಳಿಯುತ್ತದೆ, ಹಣ್ಣಿನ ವಾಸನೆಯ ಜಾಗಕ್ಕೆ ಒಣ ಎಲೆಯ, ಸೀಡರ್ ಮರದ ವಾಸನೆ ಬರುತ್ತದೆ. ಒಂದು ಹಂತ ದಾಟಿದರೆ ಇಳಿಮುಖ. ಕಾಗದಕ್ಕೆ ಆ ಗಡುವಿಲ್ಲ, ವೈನಿಗೆ ಇದೆ.

ಚಿತ್ರ ನೋಡುವ ಆಸೆಯಿದ್ದವರಿಗೆ ಮೂಲಚಿತ್ರಗಳನ್ನು ಎಸ್ಟೇಟಿನವರೇ ಪೋಯಾಕಿನಲ್ಲಿ ತೂಗುಹಾಕಿದ್ದಾರೆ. 1962ರಲ್ಲಿ ಹಳೆಯ ಪೀಪಾಯಿ ಮಾಳಿಗೆಯಲ್ಲಿ ತೆರೆದ ವೈನ್ ಕಲೆಯ ವಸ್ತುಸಂಗ್ರಹಾಲಯವೂ ಅಲ್ಲೇ ಇದೆ. ಎಂದಾದರೂ ಇಂಥದೊಂದು ಬಾಟಲಿ ನಿಮ್ಮ ಪಾಲಿಗೆ ಬಂದರೆ ಅದರ ಕಾಲ ಮೀರುವ ಮೊದಲೇ ನಾಲ್ಕು ಜನರನ್ನು ಕರೆದು ಬಿರಡೆ ತೆಗೆಯಿರಿ. ಲೇಬಲ್ ಖಾಲಿ ಬಾಟಲಿಯ ಮೇಲೂ ಹಾಗೇ ಇರುತ್ತದೆ. ಖಾಲಿ ಬಾಟಲಿಯನ್ನು ಮಾತ್ರ ಯಾರಿಗೂ ಮಾರಬೇಡಿ.