ಶಾಲಾ ನೈರ್ಮಲ್ಯ ಮತ್ತು ಹಸಿರು ನಿಯಮಗಳ ಪಾಲನೆ: ಅಮೆರಿಕದ ಎರಡು ಕಾಯಿದೆಗಳು

ಶಾಲೆಯ ನೆಲ ಒರೆಸುವ ದ್ರಾವಣವೂ ಮಕ್ಕಳ ಉಸಿರಾಟಕ್ಕೆ ಸಂಬಂಧಿಸಿದ್ದೆಂಬ ಅರಿವು ನ್ಯೂಯಾರ್ಕ್ ರಾಜ್ಯದಲ್ಲಿ ಶಾಸನರೂಪ ಪಡೆದುದು 2005ರಲ್ಲಿ. 2006ರ ಸೆಪ್ಟೆಂಬರ್ 1ರಿಂದ ಜಾರಿಗೊಂಡ ಈ ಕಾಯಿದೆಯು, ಸರ್ಕಾರಿ ಹಾಗೂ ಖಾಸಗಿ ಶಾಲೆಗಳೆರಡೂ ಪರಿಸರಸ್ನೇಹಿ ಶುಚಿಕಾರಕಗಳನ್ನೇ ಕೊಳ್ಳಬೇಕೆಂದು ವಿಧಿಸಿತು. ಹಳೆಯ ದಾಸ್ತಾನನ್ನು ಬಳಸಿ ಮುಗಿಸಲು ಅವಕಾಶವನ್ನೂ ಇತ್ತಿತು. 2007ರ ಇಲಿನಾಯ್ ಕಾಯಿದೆಯಾದರೋ, ಆರ್ಥಿಕವಾಗಿ ಅಸಾಧ್ಯವೆಂದು ಪ್ರತಿವರ್ಷ ಲಿಖಿತವಾಗಿ ತಿಳಿಸುವ ಶಾಲೆಗೆ ವಿನಾಯಿತಿ ನೀಡಿತು.

ಪಾಲನೆಯ ನಿಜವಾದ ತೊಡಕು ಬೇರೆಡೆ ಇದೆಯೆಂದು ನಮ್ಮ ಅಭಿಪ್ರಾಯ. ಖರೀದಿಯನ್ನು ರಸೀದಿಗಳಿಂದ ಪರಿಶೀಲಿಸಬಹುದು. ಆದರೆ ಸಾಂದ್ರ ದ್ರಾವಣಕ್ಕೆ ಎಷ್ಟು ನೀರು ಬೆರೆಸಲಾಯಿತೆಂಬುದಾಗಲೀ, ಶಿಕ್ಷಕರೇ ಸದುದ್ದೇಶದಿಂದ ಮನೆಯಿಂದ ತಂದಿಟ್ಟ ಬ್ಲೀಚ್ ಸೀಸೆಯಾಗಲೀ ಯಾವ ರಸೀದಿಯಲ್ಲಿಯೂ ಕಾಣದು. ಬ್ಲೀಚು ಅಮೋನಿಯಾಯುಕ್ತ ದ್ರಾವಣದೊಡನೆ ಬೆರೆತರೆ ಕ್ಲೋರಮೈನ್ ಎಂಬ ವಿಷಾನಿಲ ಹೊಮ್ಮುತ್ತದೆ. ಆದ್ದರಿಂದ ತಪಾಸಣಾಧಿಕಾರಿಯು ಲೆಕ್ಕಪತ್ರಗಳಿಗೆ ಮೊದಲು ಶುಚಿಗಾರರ ಕೋಣೆಯನ್ನೂ ಅಲ್ಲಿನ ಅಳತೆಪಾತ್ರೆಯನ್ನೂ ನೋಡುವುದು ಯುಕ್ತ.