ಅಪ್ಪನ ಜಾವಾ, ಮಗಳ ಸವಾರಿ

ಶೆಡ್‌ನಲ್ಲಿ ಧೂಳು ಹಿಡಿದು ನಿಂತ ಹಳೇ ಟೂ ಸ್ಟ್ರೋಕ್ ಬೈಕ್ ನಿಮ್ಮ ಪಾಲಿಗೆ ಬಂದಿದೆಯೇ? ಅದರಲ್ಲೇ ದೂರದ ಊರಿಗೆ ಹೋಗಿಬರುವ ಆಸೆಯೇ? ಬಣ್ಣ ಹೊಡೆಸುವ ಮೊದಲು ಇದನ್ನು ಓದಿ.

‘ಗುಜರಿಗೆ ಹಾಕಿಬಿಡಮ್ಮ, ಜಾಗ ಆದ್ರೂ ಖಾಲಿ ಆಗುತ್ತೆ.’ ಅಪ್ಪನೋ, ಅಜ್ಜನೋ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಹಳೇ ಬೈಕಿನ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಇಲ್ಲವೇ ‘ತಮ್ಮ ದೊಡ್ಡವನಾಗ್ಲಿ, ಅವನಿಗಾಗುತ್ತೆ’ ಅನ್ನುತ್ತಾರೆ. ಮಗಳು ‘ನಾನೇ ಓಡಿಸ್ತೀನಿ’ ಅಂದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ!

ಕರ್ನಾಟಕದ ಮನೆಗಳಲ್ಲಿ ಹೀಗೆ ಉಳಿದಿರುವ ಗಾಡಿ ಬಹುಪಾಲು ಜಾವಾ ಅಥವಾ ಯೆಜ್ಡಿ. ಜೆಕೊಸ್ಲೊವಾಕಿಯಾ ಮೂಲದ ಜಾವಾವನ್ನು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸತೊಡಗಿತು. ಕಾರ್ಖಾನೆ ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ತೀರಾ ಕೊನೆಯ ಯೆಜ್ಡಿಗೂ ಈಗ ಸುಮಾರು ಮೂವತ್ತು ವರ್ಷ. 2018ರ ನಂತರ ಇದೇ ಹೆಸರುಗಳಲ್ಲಿ ಮತ್ತೆ ಬಂದ ಬೈಕುಗಳು ಫೋರ್ ಸ್ಟ್ರೋಕ್. ಅವುಗಳ ಇಂಜಿನ್ ಭಾಗ ಇದಕ್ಕೆ ಕೂರುವುದಿಲ್ಲ.

ಇಂಥ ಗಾಡಿ ದೂರ ಹೋಗಬಲ್ಲದೇ? ಖಂಡಿತ ಹೋಗಬಲ್ಲದು. ಆದರೆ ಕೆಲಸಕ್ಕೊಂದು ಕ್ರಮ ಇದೆ. ಮೊದಲು ಕಾಗದಪತ್ರ, ಆಮೇಲೆ ಇಂಜಿನ್ನಿನ ಒಳಗು, ಆಮೇಲೆ ಅದರ ಸ್ವಭಾವ ಕಲಿಯುವುದು, ಆಮೇಲೆ ಪ್ರಯಾಣ. ಬಣ್ಣ, ಕ್ರೋಮ್ ಎಲ್ಲ ಕಟ್ಟಕಡೆಗೆ. ನಾವು ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ!

ಗಾಡಿ ನಿಮ್ಮ ಹೆಸರಿಗೆ ಬರಲಿ

ಅಪ್ಪನ ಗಾಡಿ ಅಂದಮಾತ್ರಕ್ಕೆ ಅದು ತಾನಾಗಿ ನಿಮ್ಮದಾಗುವುದಿಲ್ಲ. ಹಾಗೇ ತಾನಾಗಿ ಅಣ್ಣನದೂ ಆಗುವುದಿಲ್ಲ! 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ವಿಲ್ ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಸೊತ್ತಿನಲ್ಲಿ ಹೆಂಡತಿ, ಮಗ, ಮಗಳು ಮತ್ತು ಅವರ ತಾಯಿ ಸಮಾನ ಹಕ್ಕುದಾರರು. ಮದುವೆಯಾಗಿ ಹೋದ ಮಗಳೂ ಇದರಲ್ಲಿ ಸೇರುತ್ತಾಳೆ. ಬೈಕೂ ಸೊತ್ತೇ ಅಲ್ಲವೇ? ಆದ್ದರಿಂದ ಎಲ್ಲರೂ ಕೂತು ಮಾತಾಡಿ, ‘ಗಾಡಿ ಇವಳ ಹೆಸರಿಗಾಗಲು ನಮ್ಮ ಅಭ್ಯಂತರವಿಲ್ಲ’ ಎಂದು ಉಳಿದವರಿಂದ ಬರೆಸಿಕೊಳ್ಳಿ. ಗಾಡಿಗೆ ದುಡ್ಡು ಸುರಿದ ಮೇಲೆ ತಕರಾರು ಬರುವುದಕ್ಕಿಂತ ಮೊದಲೇ ಬಗೆಹರಿಯುವುದು ಒಳ್ಳೆಯದು.

ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಆರ್‌ಸಿ, ಮರಣ ಪ್ರಮಾಣಪತ್ರ, ವಿಮೆ, ನಿಮ್ಮ ಗುರುತಿನ ಚೀಟಿ, ಉಳಿದ ವಾರಸುದಾರರ ಒಪ್ಪಿಗೆ ಸಿದ್ಧವಿರಲಿ. ವರ್ಷಗಳೇ ಕಳೆದಿದ್ದರೂ ಗಾಬರಿ ಬೇಡ, ದಂಡ ಕಟ್ಟಬೇಕಾಗಬಹುದು ಅಷ್ಟೆ. ಹಳೇ ಪುಸ್ತಕದ ಆರ್‌ಸಿ ಆದರೆ ಅದರ ವಿವರ ಕಂಪ್ಯೂಟರಿನಲ್ಲಿ ಇದೆಯೋ ಇಲ್ಲವೋ ಮೊದಲು ವಿಚಾರಿಸಿ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಗಾಡಿಯನ್ನೇ ಒಯ್ದು ತೋರಿಸಬೇಕು, ಹಸಿರು ತೆರಿಗೆಯನ್ನೂ ಕಟ್ಟಬೇಕು. ಇಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಗೆ ತಾಳೆಯಾಗುವುದು ಬಹಳ ಮುಖ್ಯ. ಗ್ಯಾರೇಜಿಗೆ ಬಿಡುವ ಮೊದಲೇ ಎರಡರ ಫೋಟೋ ತೆಗೆದಿಟ್ಟುಕೊಳ್ಳಿ. ಬೇರೆ ಬಣ್ಣ ಹೊಡೆಸಿದರೆ ಅದೂ ಆರ್‌ಸಿಯಲ್ಲಿ ದಾಖಲಾಗಬೇಕು.

ಇಲ್ಲೊಂದು ಎಚ್ಚರಿಕೆ. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಕೇಳಲು ಚೆನ್ನಾಗಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಊರೂರು ಸುತ್ತಬೇಕು ಅನ್ನುವವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳಿ.

ಇನ್ನು ನಿಮ್ಮ ಡಿಎಲ್ ತೆಗೆದು ನೋಡಿ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಬಳಿ ಇರುವುದು ಗೇರ್ ಇಲ್ಲದ ಸ್ಕೂಟರಿನ ಲೈಸೆನ್ಸ್. ಜಾವಾಗೆ ಅದು ನಡೆಯುವುದಿಲ್ಲ. ಗೇರ್ ಬೈಕಿಗೆ ಎಲ್‌ಎಲ್‌ಆರ್ ಮಾಡಿಸಿ, 30 ದಿನದ ನಂತರ ಟೆಸ್ಟ್ ಕೊಡಿ. ವಿಮೆ, ಎಮಿಷನ್ ಸರ್ಟಿಫಿಕೇಟ್ ಕೂಡ ಬೇಕೇ ಬೇಕು.

ತಕ್ಷಣ ಕಿಕ್ ಹೊಡೆಯಬೇಡಿ!

ವರ್ಷಗಟ್ಟಲೆ ನಿಂತ ಗಾಡಿ ಕಂಡ ಕೂಡಲೇ ಕಿಕ್ ಹೊಡೆದು ನೋಡುವ ಆಸೆ ಸಹಜ. ಆದರೆ ತಡೆಯಿರಿ. ಒಣಗಿದ ಸಿಲಿಂಡರಿನಲ್ಲಿ ಪಿಸ್ಟನ್ ಉಜ್ಜಿದರೆ ಗೀರು ಬೀಳುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ನಾಲ್ಕು ಹನಿ ಟೂ-ಟಿ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಆಮೇಲೆ ಮೆಲ್ಲಗೆ ತಿರುಗಿಸಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಮೆಕ್ಯಾನಿಕ್ಕಿಗೆ ಬಿಡಿ.

ಅಂದಹಾಗೆ, ಜಾವಾದಲ್ಲಿ ಎಡಗಡೆಯ ಒಂದೇ ಲಿವರ್ ಕಿಕ್ಕೂ ಹೌದು, ಗೇರೂ ಹೌದು. ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ ಆಗುತ್ತದೆ. ಗೊತ್ತಿಲ್ಲದವರು ಕಿಕ್ ಹುಡುಕುತ್ತಾ ಬಲಗಡೆ ಸುತ್ತುವುದುಂಟು!

ಹಳೇ ಟೂ ಸ್ಟ್ರೋಕ್ ತಿಳಿದಿರುವ ಮೆಕ್ಯಾನಿಕ್ಕನ್ನೇ ಹುಡುಕಿ. ಬೆಂಗಳೂರು, ಮೈಸೂರಿನಲ್ಲಿ ಜಾವಾ-ಯೆಜ್ಡಿ ಪ್ರಿಯರ ಗುಂಪುಗಳಿವೆ. ಪ್ರತಿವರ್ಷ ಜುಲೈ ಎರಡನೇ ಭಾನುವಾರ ಅಂತಾರಾಷ್ಟ್ರೀಯ ಜಾವಾ ದಿನಕ್ಕೆ ಒಟ್ಟು ಸೇರುತ್ತಾರೆ. ಯಾವ ಮೆಕ್ಯಾನಿಕ್ ಒಳ್ಳೆಯವರು, ಯಾವ ಭಾಗ ಎಲ್ಲಿ ಸಿಗುತ್ತೆ ಎಂಬುದೆಲ್ಲ ಅಲ್ಲಿ ಬಾಯಿಮಾತಿನಲ್ಲೇ ಗೊತ್ತಾಗುತ್ತದೆ. ಕೆಲಸಕ್ಕೆ ಮೊದಲು ಖರ್ಚಿನ ಅಂದಾಜನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬದಲಿಸಿದ ಹಳೇ ಭಾಗಗಳನ್ನು ವಾಪಸ್ ಕೇಳಿ ತನ್ನಿ.

ಮೆಕ್ಯಾನಿಕ್ಕಿಗೆ ಇಷ್ಟನ್ನು ಹೇಳಿ ಮಾಡಿಸಿ.

ಆಯಿಲ್ ಸೀಲ್: ಕ್ರ್ಯಾಂಕಿನ ಎರಡೂ ಬದಿಯ ಸೀಲ್‌ಗಳು ನಿಂತಲ್ಲೇ ಗಟ್ಟಿಯಾಗಿರುತ್ತವೆ. ಅದರ ಸಂದಿಯಿಂದ ಗಾಳಿ ಎಳೆದುಕೊಂಡರೆ ಇಂಜಿನ್ ವಿಪರೀತ ಕಾಯುತ್ತದೆ. ದೂರ ಹೋಗುವುದಾದರೆ ಹೊಸದು ಹಾಕಿಸಲೇಬೇಕು.

ಟ್ಯಾಂಕ್, ಕಾರ್ಬ್ಯುರೇಟರ್: ಹಳೇ ಪೆಟ್ರೋಲ್ ಅಂಟಾಗಿ ಕೂತಿರುತ್ತದೆ, ಟ್ಯಾಂಕಿನೊಳಗೆ ತುಕ್ಕು ಇರುತ್ತದೆ. ಎರಡನ್ನೂ ಪೂರ್ತಿ ತೊಳೆಸಿ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೇ ರಬ್ಬರನ್ನು ತಿನ್ನುತ್ತದೆ, ನೀರಿನ ಪಸೆಯನ್ನೂ ಹೀರುತ್ತದೆ. ಎಥನಾಲ್ ತಡೆಯುವ ಪೈಪ್, ವಾಷರ್ ಹಾಕಿಸಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಪೆಟ್ರೋಲ್ ಇಳಿಸಿಬಿಡಿ.

ಸೈಲೆನ್ಸರ್: ಒಳಗೆ ಮಸಿ ಕಟ್ಟಿಕೊಂಡರೆ ಗಾಡಿ ಏರು ಹತ್ತುವುದಿಲ್ಲ. ಜಾವಾದ ಎರಡೂ ಸೈಲೆನ್ಸರ್ ಬಿಚ್ಚಿ ಮಸಿ ತೆಗೆಸಿ.

ಬ್ರೇಕ್, ಟಯರ್: ಎರಡೂ ಡ್ರಮ್ ಬ್ರೇಕ್. ಹೊಸ ಬ್ರೇಕ್ ಶೂ, ಹೊಸ ಕೇಬಲ್ ಇರಲಿ. ಟಯರಿನ ಗುಂಡಿ ಆಳವಾಗಿ ಕಂಡರೂ ನಂಬಬೇಡಿ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದ ಟಯರ್. ಆ ಸಂಖ್ಯೆಯೇ ಇಲ್ಲದಷ್ಟು ಹಳೆಯದಾದರೆ ಯೋಚಿಸಬೇಡಿ, ಬದಲಿಸಿ.

ಲೈಟ್: ಹಳೇ ಜಾವಾಗಳದ್ದು 6 ವೋಲ್ಟ್. ಹೆಡ್‌ಲೈಟ್ ಮಂಕು. ಕತ್ತಲಾಗುವ ಮೊದಲೇ ಊರು ಸೇರುವ ಹಾಗೆ ಪ್ರಯಾಣ ಹಾಕಿಕೊಳ್ಳಿ.

ಎಣ್ಣೆಯ ಲೆಕ್ಕ ತಪ್ಪಬಾರದು

ಅಡುಗೆಗೆ ಉಪ್ಪು ಹೇಗೋ ಟೂ ಸ್ಟ್ರೋಕಿಗೆ ಎಣ್ಣೆ ಹಾಗೆ. ಸ್ವಲ್ಪ ಹೆಚ್ಚಾದರೆ ಹೊಗೆ ಬರುತ್ತದೆ, ಅಷ್ಟೆ. ಕಡಿಮೆಯಾದರೆ ಇಂಜಿನ್ನೇ ಹೋಗುತ್ತದೆ. ಯಾಕೆಂದರೆ ಸ್ಕೂಟರಿನಂತೆ ಇದರ ಇಂಜಿನ್ನಿನಲ್ಲಿ ಪ್ರತ್ಯೇಕ ಆಯಿಲ್ ನಿಂತಿರುವುದಿಲ್ಲ. ಪಿಸ್ಟನ್ನಿಗೂ ಬೇರಿಂಗಿಗೂ ಜಾರುವಿಕೆ ಸಿಗುವುದು ಪೆಟ್ರೋಲಿನ ಜೊತೆ ಬೆರೆತು ಬರುವ ಎಣ್ಣೆಯಿಂದಲೇ. ಗೇರ್ ಬಾಕ್ಸಿನ ಆಯಿಲ್ ಬೇರೆ, ಅದನ್ನೂ ಬದಲಿಸಿ.

ಜಾವಾ, ಯೆಜ್ಡಿಗೆ ಸಾಮಾನ್ಯ ಲೆಕ್ಕ ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಟಿ ಆಯಿಲ್. ಐದು ಲೀಟರಿಗೆ 200 ಮಿ.ಲೀ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದರೆ ಆರಂಭದಲ್ಲಿ ಲೀಟರಿಗೆ 50 ಮಿ.ಲೀ. ಮೆಕ್ಯಾನಿಕ್ ಬೇರೆ ಲೆಕ್ಕ ಹೇಳಿದರೆ ಕಾರಣ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಮಕ್ಕಳ ಔಷಧಿಯ ಅಳತೆ ಲೋಟ ಬಿದ್ದಿರುತ್ತದಲ್ಲ, ಅದಕ್ಕೊಂದು ಗುರುತು ಹಾಕಿ ಇದಕ್ಕೇ ಮೀಸಲಿಡಿ. ಬಂಕಿನಲ್ಲಿ ಮೊದಲು ಎಣ್ಣೆ, ಮೇಲಿಂದ ಪೆಟ್ರೋಲ್ ಹಾಕಿಸಿದರೆ ಚೆನ್ನಾಗಿ ಬೆರೆಯುತ್ತದೆ. ರಾತ್ರಿ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ. ಬೆಳಿಗ್ಗೆ ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿ ಹೊರಡಿ.

ನಿಮ್ಮ ಪಾಲಿಗೆ ಬಂದಿರುವುದು ಯಮಹಾ ಆರ್‌ಎಕ್ಸ್ 100 ಆದರೆ ಅದಕ್ಕೆ ಎಣ್ಣೆಯ ಟ್ಯಾಂಕೇ ಬೇರೆ, ಪಂಪ್ ತಾನೇ ಬೆರೆಸುತ್ತದೆ. ಆದರೆ ಪಂಪ್ ಕಿತ್ತುಹಾಕಿರುವ ಗಾಡಿಗಳೂ ಉಂಟು. ಪರೀಕ್ಷಿಸದೆ ಬರೀ ಪೆಟ್ರೋಲ್ ಹಾಕಿ ಹೊರಟೀರಿ, ಜೋಕೆ!

ಎಲ್ಲ ಸರಿ ಇದೆಯೇ ಅಂತ ಹೇಳುವುದು ಸ್ಪಾರ್ಕ್ ಪ್ಲಗ್. ಒಂದು ಸುತ್ತು ಓಡಿಸಿ ಬಂದು ಬಿಚ್ಚಿ ನೋಡಿ. ತುದಿ ಹಾಲು ಹಾಕಿದ ಕಾಫಿ ಬಣ್ಣಕ್ಕಿದ್ದರೆ ಗಾಡಿ ಆರೋಗ್ಯವಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು. ಬೆಳ್ಳಗೆ ಬೂದಿ ಬಳಿದಂತಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ. ಹಾಗಿದ್ದಾಗ ದೂರ ಹೊರಡಲೇಬೇಡಿ.

ಘಾಟಿ ಇಳಿಯುವಾಗ ನೆನಪಿರಲಿ

ಸ್ಕೂಟರ್ ಓಡಿಸಿ ಅಭ್ಯಾಸ ಇರುವವರಿಗೆ ಇದೊಂದು ಹೊಸ ಪಾಠ. ಆಗುಂಬೆಯೋ, ಚಾರ್ಮಾಡಿಯೋ ಇಳಿಯುತ್ತಿದ್ದೀರಿ ಅನ್ನಿ. ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಗಾಡಿ ಇಳಿಯಲು ಬಿಡುತ್ತೀರಿ. ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲ್ ಹೋಗುತ್ತಿಲ್ಲ. ಪೆಟ್ರೋಲ್ ಇಲ್ಲ ಅಂದರೆ ಎಣ್ಣೆಯೂ ಇಲ್ಲ! ಪಿಸ್ಟನ್ ಒಣ ಒಣ ಉಜ್ಜಿ ಸೀಜ್ ಆಗಬಹುದು.

ಆದ್ದರಿಂದ ಉದ್ದ ಇಳಿಜಾರಿನಲ್ಲಿ ಆಗಾಗ ಒಂದು ಕ್ಷಣ ಕ್ಲಚ್ ಹಿಡಿದು ಆಕ್ಸಿಲರೇಟರ್ ತುಸು ತಿರುಗಿಸಿ ಬಿಡಿ. ಎಣ್ಣೆ ಒಳಗೆ ಹೋಗುತ್ತದೆ. ಹಾಗಂತ ನ್ಯೂಟ್ರಲ್ ಮಾಡಿ ಇಳಿಯಬೇಡಿ, ಡ್ರಮ್ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ಎರಡೂ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯಿರಿ. ಅರ್ಧ ದಾರಿಯಲ್ಲಿ ನಿಂತು ಹತ್ತು ನಿಮಿಷ ಕಣಿವೆ ನೋಡಿ. ಗಾಡಿಗೂ ವಿಶ್ರಾಂತಿ, ನಿಮಗೂ.

ಸಮತಟ್ಟು ರಸ್ತೆಯಲ್ಲೂ ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲಿರಲಿ. ಇಂಜಿನ್ ಸದ್ದು ಇದ್ದಕ್ಕಿದ್ದಂತೆ ಬಿಗಿಯಾಗಿ, ಯಾರೋ ಹಿಂದಿನಿಂದ ಎಳೆದಂತೆ ವೇಗ ಇಳಿದರೆ ಅದು ಸೀಜ್ ಆಗುವ ಸೂಚನೆ. ಒಡನೆ ಕ್ಲಚ್ ಹಿಡಿದು ಬದಿಗೆ ಬನ್ನಿ. ಇಲ್ಲವಾದರೆ ಹಿಂದಿನ ಚಕ್ರ ಲಾಕ್ ಆಗಿ ಬೀಳಿಸುತ್ತದೆ. ಎಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಹದಿನೈದು, ಐವತ್ತು, ಆಮೇಲೆ ನೂರು

ಜಾವಾ ಸ್ಕೂಟರಿಗಿಂತ ಭಾರ. ಮೊದಲು ಇಂಜಿನ್ ಆಫ್ ಮಾಡಿ ತಳ್ಳುವುದು, ತಿರುಗಿಸುವುದು, ಸ್ಟ್ಯಾಂಡ್ ಹಾಕುವುದು ಅಭ್ಯಾಸ ಮಾಡಿ. ಸೆಂಟರ್ ಸ್ಟ್ಯಾಂಡಿಗೆ ತೋಳಬಲ ಬೇಡ. ಸ್ಟ್ಯಾಂಡಿನ ಕಾಲಿನ ಮೇಲೆ ಇಡೀ ಮೈಭಾರ ಹಾಕಿ ನಿಂತರೆ ಗಾಡಿ ತಾನೇ ಏರುತ್ತದೆ.

ಪ್ರಯಾಣವನ್ನೂ ಹಂತಹಂತವಾಗಿ ಬೆಳೆಸಿ. ಮೈಸೂರಿನವರಾದರೆ ಮೊದಲು ಶ್ರೀರಂಗಪಟ್ಟಣ, ಮುಂದಿನ ವಾರ ಮೇಲುಕೋಟೆ, ಅದೂ ಸಲೀಸಾದರೆ ಮಡಿಕೇರಿ. ಪ್ರತಿ ಸಲ ಬಂದ ಮೇಲೆ ನಟ್ಟು ಬೋಲ್ಟು ಬಿಗಿ ಮಾಡಿಸಿ, ಪ್ಲಗ್ ನೋಡಿ, ಎಲ್ಲಾದರೂ ಸೋರಿದೆಯೇ ಗಮನಿಸಿ. ಐವತ್ತು ಅರವತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆ ಹಿಡಿಯಿರಿ. ಹಳೇ ಗಾಡಿಗೆ ಅದೇ ಹಿತ.

ಐಎಸ್‌ಐ ಗುರುತಿನ ಹೆಲ್ಮೆಟ್, ಪಾದದ ಗಂಟು ಮುಚ್ಚುವ ಶೂ, ದಪ್ಪ ಜಾಕೆಟ್ ಇರಲಿ. ದುಪಟ್ಟಾ ಬ್ಯಾಗಿನೊಳಗಿರಲಿ, ಹಿಂದಿನ ಚಕ್ರಕ್ಕೆ ಸಿಕ್ಕರೆ ಅನಾಹುತ.

ಬ್ಯಾಗಿನಲ್ಲಿ ಇವಿರಲಿ

* ಎರಡು ಸ್ಪಾರ್ಕ್ ಪ್ಲಗ್, ಪ್ಲಗ್ ಸ್ಪ್ಯಾನರ್
* ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್
* ಪಾಯಿಂಟ್ ಸೆಟ್, ಬಲ್ಬ್, ಫ್ಯೂಸ್
* ಟ್ಯೂಬ್, ಚೈನ್ ಲಾಕ್
* ಟೂ-ಟಿ ಆಯಿಲ್ ಮತ್ತು ಅಳತೆ ಲೋಟ
* ಇನ್ಸುಲೇಷನ್ ಟೇಪ್, ಒಂದಿಷ್ಟು ತಂತಿ, ಹಳೇ ಬಟ್ಟೆ
* ಆರ್‌ಸಿ, ಡಿಎಲ್, ವಿಮೆ, ಎಮಿಷನ್ ಪತ್ರ

ಪ್ಲಗ್ ಬದಲಿಸುವುದು, ಕೇಬಲ್ ಹಾಕುವುದು, ಇವೆರಡನ್ನು ಮೆಕ್ಯಾನಿಕ್ ಪಕ್ಕ ನಿಂತು ನಿಮ್ಮ ಕೈಯಿಂದಲೇ ಒಮ್ಮೆ ಮಾಡಿ ಕಲಿಯಿರಿ. ಮಿಕ್ಸಿ, ಕುಕ್ಕರ್ ಸರಿಮಾಡಿಕೊಳ್ಳುವ ಕೈಗೆ ಇದೇನೂ ದೊಡ್ಡದಲ್ಲ. ಮನೆಯವರಿಗೆ ಧೈರ್ಯ ಬರುವುದೂ ನಿಮ್ಮ ವಾದದಿಂದಲ್ಲ, ದಾರಿಯಲ್ಲಿ ನಿಂತರೂ ಇವಳು ಸರಿಮಾಡಿಕೊಂಡು ಬರ್ತಾಳೆ ಎಂಬ ನಂಬಿಕೆಯಿಂದ.

ಇಷ್ಟೆಲ್ಲ ಆಗಿ ನಾಲ್ಕಾರು ಪ್ರಯಾಣ ಮುಗಿದ ಮೇಲೆ ಬೇಕಾದರೆ ಬಣ್ಣ ಹೊಡೆಸಿ. ಅಥವಾ ಅಪ್ಪನ ಕಾಲು ಉಜ್ಜಿ ಸವೆದ ಗುರುತನ್ನು ಹಾಗೇ ಬಿಡಿ. ಅದು ನಿಮ್ಮಿಷ್ಟ!